ಚರ್ಚಿಗೆ ಹೋಗದವರು ಕ್ರೈಸ್ತಧರ್ಮವನ್ನು ಒಂದು ವಿಷಯವಾಗಿ ಓದಬಹುದಾ? ಎಲ್ಲಿಂದ ಶುರು ಮಾಡಬೇಕು?

ಹಳೇಪುಟ

ಎಲ್ಲರಿಗೂ ನಮಸ್ಕಾರ. ಕನ್ನಡ ಎಂ.ಎ. ಮಾಡಿ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಪಿಎಚ್‌.ಡಿ.ಗೆ ಮಿಷನರಿ ಕಾಲದ ಕನ್ನಡ ಗದ್ಯ ತಗೊಳ್ಳೋಣ ಅಂತ ಓದು ಶುರು ಮಾಡಿದೆ. ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಜರ್ಮನ್ ಮಿಷನರಿಗಳ ಬಗ್ಗೆ ನಮಗೆ ಪಾಠದಲ್ಲಿ ಬಂದದ್ದು ಇಷ್ಟೇ: ಮೊಗ್ಲಿಂಗ್ ಅಂದ್ರೆ 1843ರ ಮಂಗಳೂರ ಸಮಾಚಾರ ಪತ್ರಿಕೆ, ಕಿಟೆಲ್ ಅಂದ್ರೆ 1894ರ ನಿಘಂಟು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಈಗ ಅವರ ಬರಹ ಕೈಗೆತ್ತಿಕೊಂಡರೆ ಕನ್ನಡ ಅರ್ಥವಾಗುತ್ತದೆ, ತಲೆಯೊಳಗೆ ಏನಿತ್ತು ಅನ್ನೋದು ಅರ್ಥವಾಗಲ್ಲ. ಪ್ರತಿ ಎರಡು ಪುಟಕ್ಕೆ ಪಾಪ, ಪಶ್ಚಾತ್ತಾಪ, ಹೊಸ ಜನ್ಮ. ಬಾಸೆಲ್ ಮಿಷನ್‌ನವರಿಗೂ ಮೈಸೂರು ಕಡೆಯ ವೆಸ್ಲಿಯನ್ ಮಿಷನರಿಗಳಿಗೂ ಏನು ವ್ಯತ್ಯಾಸ? ಕ್ಯಾಥೋಲಿಕರು ಇವರಿಗಿಂತ ಎಷ್ಟು ಮುಂಚೆ ಬಂದರು? ಇದೆಲ್ಲ ಗೊತ್ತಿಲ್ಲದೆ ಗದ್ಯದ ಬಗ್ಗೆ ಬರೆದರೆ ಟೊಳ್ಳಾಗುತ್ತದೆ ಅನಿಸ್ತಿದೆ.

ಹಾಗಾಗಿ ಕ್ರೈಸ್ತಧರ್ಮವನ್ನು ಸರಿಯಾಗಿ ಓದಬೇಕು ಅಂತ ಇದೆ. ನಾನು ಕ್ರೈಸ್ತಳಲ್ಲ, ಆಗುವ ಯೋಚನೆಯೂ ಇಲ್ಲ. ಮನೆಯಲ್ಲಿ ಬೈಬಲ್ ಕಂಡ ಕೂಡಲೇ ಅಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿದ್ದಾಗಿದೆ. ಎಲ್ಲಿ ಓದಬಹುದು, ಚರ್ಚಿನಿಂದ ಪತ್ರ ಬೇಕಾ, ಗ್ರೀಕ್ ಕಲಿಯಲೇಬೇಕಾ, ಯಾರಾದರೂ ಹೇಳ್ತೀರಾ?

ಬಲ್ಮಠದ ಹುಡುಗ

ಅಕ್ಕಾ, ನಾನು ಬಿ.ಡಿ., ಅಂದರೆ ದೈವಶಾಸ್ತ್ರದ ಪದವಿ ಓದುತ್ತಿದ್ದೇನೆ, ಹಾಗಾಗಿ ಸೆಮಿನರಿ (ಪಾದ್ರಿಗಳನ್ನು ತಯಾರು ಮಾಡುವ ಕಾಲೇಜು) ಕಡೆಯ ವಿಷಯ ಹೇಳ್ತೇನೆ. ಇಲ್ಲಿ ಎರಡು ದಾರಿ ಇದೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ದೈವಶಾಸ್ತ್ರ. ಪ್ರಾಟೆಸ್ಟೆಂಟ್ ಸೆಮಿನರಿಗಳಲ್ಲಿ ಹೆಚ್ಚಿನವು ಬಂಗಾಳದ ಸೆರಾಂಪುರ ಕಾಲೇಜಿನ ಪದವಿ ಮಂಡಳಿಯಾದ ಸೆರಾಂಪುರ ಸೆನೆಟ್‌ಗೆ ಸೇರಿದವು. ಸೆರಾಂಪುರ ಕಾಲೇಜು ಶುರುವಾದದ್ದು 1818ರಲ್ಲಿ. ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ, ಡೆನ್ಮಾರ್ಕ್ ರಾಜನ ಸನದಿನಿಂದ, ಯಾಕೆಂದರೆ ಆಗ ಆ ಊರು ಡೇನರ ಕೈಯಲ್ಲಿತ್ತು. ನಮ್ಮ ಕಡೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೇ ಸಾಲಿನವು. ಬಿ.ಡಿ. ಅಂದ್ರೆ ಮುಖ್ಯವಾಗಿ ಪಾದ್ರಿಗಳ ತಯಾರಿ. ಸಾಮಾನ್ಯವಾಗಿ ಸಭೆಯ, ಅಂದರೆ ಚರ್ಚಿನ, ಶಿಫಾರಸು ಪತ್ರ ಕೇಳುತ್ತಾರೆ. ಗ್ರೀಕ್, ಹೀಬ್ರೂ, ಸಭೆಯ ಇತಿಹಾಸ ಇರುತ್ತದೆ. ಹಿಂದೂ ಧರ್ಮ, ಇಸ್ಲಾಂ ಕೂಡ ಓದುತ್ತೇವೆ, ಇದು ಹೊರಗಿನವರಿಗೆ ಜಾಸ್ತಿ ಗೊತ್ತಿಲ್ಲ. ಜೊತೆಗೆ ಪ್ರಸಂಗ, ಅಂದರೆ ಚರ್ಚಿನಲ್ಲಿ ಉಪದೇಶ, ಮಾಡೋದು ಹೇಗೆ ಅನ್ನೋದೂ ಒಂದು ಪಾಠ. ನಿಂತು ಪ್ರಸಂಗ ಮಾಡಬೇಕು, ಗುರುಗಳು ಮುಂದೆ ಕೂತು ತಪ್ಪು ಬರೆದುಕೊಳ್ಳುತ್ತಿರುತ್ತಾರೆ. ನಿಮಗೆ ಅದೆಲ್ಲ ಬೇಡ.

ಎರಡನೆಯದು ವಿಶ್ವವಿದ್ಯಾಲಯದ ದಾರಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕ್ರೈಸ್ತಧರ್ಮ ಅಧ್ಯಯನಕ್ಕೆ ವಿಭಾಗವೇ ಇದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪೀಠ ಇದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲೂ ವಿಭಾಗ ಇದೆ. ಅಲ್ಲಿ ನೀವು ಯಾವ ದೇವರಿಗೆ ಕೈಮುಗೀತೀರಿ ಅಂತ ಯಾರೂ ಕೇಳಲ್ಲ. ಈ ವರ್ಷದ ಪ್ರವೇಶದ ವಿವರ ಮಾತ್ರ ವಿಭಾಗಕ್ಕೇ ಫೋನ್ ಮಾಡಿ ಕೇಳಿ.

ಕಟು ಓದುಗ

ಒಂದು ನೇರ ಪ್ರಶ್ನೆ. ಮಿಷನರಿಗಳು ನಮ್ಮ ಪುರಾಣ ಓದಿದ್ದು ಖಂಡಿಸೋದಕ್ಕೆ. ಅವರ ಧರ್ಮವನ್ನು ನಾವು ಇಷ್ಟು ಮರ್ಯಾದೆಯಿಂದ ಯಾಕೆ ಓದಬೇಕು? ಅದೂ ಸರ್ಕಾರದ ದುಡ್ಡಿನಲ್ಲಿ? ಶಾಲೆಯಲ್ಲಿ ಧರ್ಮ ಬೋಧನೆ ಮಾಡಬಾರದು ಅಂತ ಸಂವಿಧಾನದಲ್ಲೇ ಇದೆ ಅಲ್ವಾ?

ಕರಿಕೋಟು

ಕಾನೂನಿನ ಭಾಗಕ್ಕೆ ಮಾತ್ರ ಉತ್ತರ ಕೊಡ್ತೇನೆ. 28ನೇ ವಿಧಿ ಹೇಳೋದು, ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು ಅಂತ. ಧರ್ಮದ ಬಗ್ಗೆ ಓದೋದು ಬೇರೆ ವಿಷಯ. ಪಂಜಾಬಿನ ಡಿಎವಿ ಕಾಲೇಜು ಪ್ರಕರಣದಲ್ಲಿ, 1971ರಲ್ಲೇ, ಗುರು ನಾನಕರ ಬದುಕು ಮತ್ತು ಬೋಧನೆಗಳ ಅಧ್ಯಯನವನ್ನು ಧಾರ್ಮಿಕ ಬೋಧನೆ ಅಂತ ಹೇಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2002ರ ಅರುಣಾ ರಾಯ್ ಪ್ರಕರಣದಲ್ಲೂ ಧರ್ಮಗಳ ಬಗ್ಗೆ ಕಲಿಸೋದಕ್ಕೆ 28ನೇ ವಿಧಿ ಅಡ್ಡಿಯಲ್ಲ ಅಂತಲೇ ಬಂತು. ಅಮೆರಿಕದಲ್ಲೂ 1963ರಲ್ಲಿ ಇಂಥದ್ದೇ ಗೆರೆ ಎಳೆದಿದ್ದಾರೆ. ಶಾಲೆಯಲ್ಲಿ ಭಕ್ತಿಯಿಂದ ಬೈಬಲ್ ಪಠಣ ಮಾಡಿಸೋದು ತಪ್ಪು, ಬೈಬಲ್ಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಓದಿಸೋದು ತಪ್ಪಲ್ಲ.

ಹಾಗಾಗಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಇರೋದರಲ್ಲಿ ಕಾನೂನಿನ ತೊಡಕು ಏನೂ ಇಲ್ಲ.

ನೆಕ್ಕರ್ ತೀರ

ಕಟು ಓದುಗರಿಗೆ: ಖಂಡಿಸೋದಕ್ಕೆ ಓದಿದರು ಅನ್ನೋದು ನಿಜ, ಅದು ಅರ್ಧ ಕಥೆ. ಕರಪತ್ರ ಬರೆದು ವಿಗ್ರಹಪೂಜೆಯನ್ನು ಬೈದ ಅದೇ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಮುದ್ರಿಸಿದ. ಜೈಮಿನಿ ಭಾರತ, ಬಸವಪುರಾಣ ಕೂಡ ಅವನ ಕಲ್ಲಚ್ಚಿನ ಮುದ್ರಣದಲ್ಲೇ ಬಂದವು. ದುಡ್ಡು ಕೊಟ್ಟದ್ದು ಮಿಷನ್ ಅಲ್ಲ, ಕಾಸಾಮೇಜರ್ ಅನ್ನೋ ನಿವೃತ್ತ ಇಂಗ್ಲಿಷ್ ಅಧಿಕಾರಿ. ಒಬ್ಬನೇ ಮನುಷ್ಯ ಎರಡೂ ಕೆಲಸ ಹೇಗೆ ಮಾಡಿದ? ಉತ್ತರ ಬೇಕಿದ್ದರೆ ಅವನ ಧರ್ಮವನ್ನು ಓದಲೇಬೇಕು. ಬೈಯುವುದಕ್ಕಾದರೂ ಸರಿ.

ಹಳೇಪುಟ ಮೇಡಂ, ಪ್ರತಿ ಎರಡು ಪುಟಕ್ಕೆ ಪಶ್ಚಾತ್ತಾಪ ಬರುತ್ತೆ ಅಂದ್ರಲ್ಲ, ಅದರ ಹಿಂದೆ ಇರೋದು ಪೈಟಿಸಂ, ಪ್ರಾಟೆಸ್ಟೆಂಟರೊಳಗಿನ ಒಂದು ಭಕ್ತಿ ಚಳವಳಿ. ನಾನು ಜರ್ಮನಿಯ ಟ್ಯೂಬಿಂಗನ್ ಕಡೆ ಇರೋದರಿಂದ ಇಲ್ಲಿನ ಹಳ್ಳಿಗಳಲ್ಲಿ ಅದರ ಗುರುತು ಇನ್ನೂ ಕಾಣುತ್ತೇನೆ. ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಮಂಗಳೂರಿಗೆ ಬಂದವರಲ್ಲಿ ತುಂಬ ಜನ ಜರ್ಮನಿಯ ಈ ವ್ಯುರ್ಟೆಂಬರ್ಗ್ ಸೀಮೆಯವರು. ಮೊಗ್ಲಿಂಗ್, ವೈಗ್ಲೆ, ಕೇರಳದಲ್ಲಿ ಕೆಲಸ ಮಾಡಿದ ಗುಂಡರ್ಟ್ ಎಲ್ಲರೂ ಈ ಕಡೆಯವರೇ. ಇವರಿಗೆ ಸಿದ್ಧಾಂತಕ್ಕಿಂತ ಒಳಗಿನ ಅನುಭವ ದೊಡ್ಡದು. ನಾನು ಯಾವಾಗ ಬದಲಾದೆ, ಹೇಗೆ ಬದಲಾದೆ ಅಂತ ಹೇಳಿಕೊಳ್ಳಬೇಕು, ಬರೆದಿಡಬೇಕು. ಹಾಗಾಗಿ ದಿನಚರಿ, ಕಾಗದ, ವರದಿ ರಾಶಿ ರಾಶಿ. ಬಾಸೆಲ್‌ನ ಸಮಿತಿಗೆ ನಿಯಮಿತವಾಗಿ ವರದಿ ಕಳಿಸಲೇಬೇಕಿತ್ತು. ಇವತ್ತು ನಮಗೆ ಸಿಗುವ ದಾಖಲೆ ಅದೇ.

ಇದು ಗೊತ್ತಾದ ಮೇಲೆ ವರದಿ ಓದುವ ರೀತಿಯೇ ಬದಲಾಗುತ್ತದೆ. 1844ರಲ್ಲಿ ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯನ ದೀಕ್ಷಾಸ್ನಾನ ಆಯಿತು, ಅಂದರೆ ಅವನು ಕ್ರೈಸ್ತನಾದ, ಊರೆಲ್ಲ ಗಲಾಟೆ. ಆಮೇಲೆ ಅವನು ಬಾಸೆಲ್‌ಗೆ ಹೋಗಿ ಓದಿ ಮಿಷನರಿಯಾಗಿ ವಾಪಸ್ ಬಂದ. ಇಂಥವರ ಕಥೆ ಮಿಷನ್ ಬರಹಗಳಲ್ಲಿ ಒಂದೇ ಅಚ್ಚಿನಲ್ಲಿ ಬರುತ್ತದೆ: ಕತ್ತಲೆ, ಕಳವಳ, ಬೆಳಕು. ಆ ಅಚ್ಚು ಪೈಟಿಸ್ಟರದ್ದು. ಅದರೊಳಗೆ ಆ ಹುಡುಗನ ಸ್ವಂತ ದನಿ ಎಷ್ಟಿದೆ ಅನ್ನೋದೇ ಸಂಶೋಧನೆಯ ಪ್ರಶ್ನೆ.

ಗುರ್ಕಾರ್ ಮಾಮ್

ಎಲ್ಲರೂ ಬಾಸೆಲ್ ಬಾಸೆಲ್ ಅಂತೀರಿ ಮಾರಾಯ್ರೆ. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್ ಮತ್ತು ಇನ್ನಿಬ್ಬರು ಮಂಗಳೂರಿಗೆ ಬಂದಾಗ ನಾವು ಕ್ಯಾಥೋಲಿಕರು ಇಲ್ಲಿ ತಲೆಮಾರುಗಳಿಂದ ಇದ್ದೆವು. ಗೋವೆಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋಗಿ, 1799ರ ನಂತರ ಉಳಿದವರು ವಾಪಸ್ ಬಂದು, ಮತ್ತೆ ಚರ್ಚು ಕಟ್ಟಿದ ಜನ. ಮೈಸೂರು ಸೀಮೆಯಲ್ಲಿ ಜೆಸ್ವಿತರು, ಅಂದರೆ ಯೇಸುಸಭೆಯ ಕ್ಯಾಥೋಲಿಕ್ ಪಾದ್ರಿಗಳು, 17ನೇ ಶತಮಾನದ ನಡುವಿನಲ್ಲೇ ಶ್ರೀರಂಗಪಟ್ಟಣದಲ್ಲಿದ್ದರು. ಅವರ ನಂತರ ಫ್ರೆಂಚ್ ಪಾದ್ರಿಗಳು. ಶ್ರೀರಂಗಪಟ್ಟಣದ ಹತ್ತಿರ ಗಂಜಾಮಿನಲ್ಲಿದ್ದ ಅಬ್ಬೆ ದುಬಾಯ್ ಹೆಸರು ಕೇಳಿರಬಹುದು, ಸಿಡುಬಿನ ಲಸಿಕೆ ಹಾಕಿಸುತ್ತಾ ಓಡಾಡಿದವರು.

ನನಗೆ ಒಂದು ಬೇಸರ ಇದೆ, ಹೇಳಿಬಿಡ್ತೇನೆ. ಅಧ್ಯಯನ ಅಂತ ಬರುವ ಮಕ್ಕಳು ನಮ್ಮಲ್ಲಿ ಸನ್ನ, ಸೊರ್ಪತೆಲ್ ಅಂತ ಅಡುಗೆ, ಮದುವೆ ಮುಂಚಿನ ರೋಸ್ ಶಾಸ್ತ್ರ, ಇದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಜಾಸ್ತಿ ಅಂದ್ರೆ ಮೊಂತಿ ಫೆಸ್ತ್. ಅದನ್ನಾದರೂ ಸರಿಯಾಗಿ ನೋಡ್ತಾರಾ? ಸೆಪ್ಟೆಂಬರ್ 8ಕ್ಕೆ ಮೇರಿಮಾತೆಯ ಹುಟ್ಟುಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತಂದು ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಪಾದ್ರಿ ಆಶೀರ್ವಾದ ಮಾಡಿ ಮನೆಮನೆಗೆ ಕೊಡುತ್ತಾರೆ. ಮನೆಗೆ ತಂದು ಆ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಎಲ್ಲರೂ ಕುಡಿಯಬೇಕು, ಆಮೇಲೆ ಬಾಳೆಲೆ ಊಟ. ಮೀನು ಬಿಟ್ಟು ಇರಲಾರದ ನಾವು ಅವತ್ತು ಪೂರ್ತಿ ಸಸ್ಯಾಹಾರಿ. ಪಕ್ಕದ ಮನೆಯ ತುಳುವರ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದವರು ಕಡಿಮೆ. ಅದನ್ನು ಕೇಳಿದರೆ ನಿಜವಾದ ಅಧ್ಯಯನ.

ಇನ್ನೊಂದು. ನಂಬಿಕೆ ಇಲ್ಲದವರಿಗೆ ಪುಸ್ತಕ ಸಿಗಬಹುದು, ಒಳಗಿನದು ಸಿಗಲಿಕ್ಕಿಲ್ಲ. ಇದು ನನ್ನ ಅಭಿಪ್ರಾಯ.

ತುಮಕೂರು ಮೇಷ್ಟ್ರು

ಮಾಮ್ ಅವರ ಕೊನೆಯ ಮಾತಿಗೆ ನನ್ನ ತಕರಾರಿದೆ. ಆ ಲೆಕ್ಕದಲ್ಲಿ ಲಿಂಗದೀಕ್ಷೆ ಆಗದವರು ವಚನ ಪಾಠ ಮಾಡಬಾರದು, ಜೈನರಲ್ಲದವರು ಪಂಪನನ್ನು ಮುಟ್ಟಬಾರದು. ನಾನು ಮೂವತ್ತು ವರ್ಷದಿಂದ ಎರಡೂ ಮಾಡ್ತಾ ಬಂದಿದ್ದೇನೆ. ಭಕ್ತನಿಗೆ ಸಿಗುವುದು ನನಗೆ ಸಿಕ್ಕಿಲ್ಲದಿರಬಹುದು, ಒಪ್ಪಿದೆ. ಆದರೆ ಭಕ್ತ ಕೇಳದ ಪ್ರಶ್ನೆಯನ್ನು ನಾನು ಕೇಳಬಲ್ಲೆ.

ಹಳೇಪುಟ ಅವರೇ, ನೀವು ಕನ್ನಡ ಎಂ.ಎ. ಅಂದ ಮೇಲೆ ಅರ್ಧ ದಾರಿ ಬಂದಾಗಿದೆ. ಗ್ರಂಥಸಂಪಾದನೆ ಪತ್ರಿಕೆ ಬರೆದಿದ್ದೀರಲ್ಲ? ಹಸ್ತಪ್ರತಿ, ಪಾಠಾಂತರ, ಪ್ರಕ್ಷಿಪ್ತ (ಆಮೇಲೆ ಸೇರಿಸಿದ ಭಾಗ), ಇದೇ ಸಾಮಾನು ಬೈಬಲ್ ಅಧ್ಯಯನದಲ್ಲೂ. ಶರಣರ ವಚನಗಳನ್ನು ಕಥೆಯಾಗಿ ಜೋಡಿಸಿದ ಶೂನ್ಯಸಂಪಾದನೆ ನೆನಪು ಮಾಡಿಕೊಳ್ಳಿ. ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಕಟ್ಟಿದ್ದು, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ. ಕಥೆ ಅದೇ, ಅಲ್ಲಮನೂ ಅವನೇ. ಆದರೆ ಸಿದ್ಧರಾಮನ ದೀಕ್ಷೆಯ ವಿಷಯ ನಾಲ್ಕರಲ್ಲೂ ಒಂದೇ ಥರ ಇಲ್ಲ. ಯಾಕೆ ಬದಲಾಯಿತು, ಯಾರಿಗೆ ಬೇಕಿತ್ತು ಅಂತ ನಾವು ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ.

ಈಗ ಬೈಬಲ್ಲಿನಲ್ಲಿ ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆ ತಗೊಳ್ಳಿ, ಮಾರ್ಕ, ಮತ್ತಾಯ, ಲೂಕ, ಯೋಹಾನ. ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಡುವ ಮುಂಚೆ ಏನು ಹೇಳಿದ ಅಂತ ಮಾತ್ರ ಬರೆಯಿರಿ. ಮಾರ್ಕ ಮತ್ತು ಮತ್ತಾಯದಲ್ಲಿ, ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಅನ್ನೋ ಕೂಗು. ಲೂಕದಲ್ಲಿ ಆ ಮಾತಿಲ್ಲ. ಅಲ್ಲಿ, ತಂದೆಯೇ ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಅಂತ ಸಮಾಧಾನದ ಮಾತು. ಯೋಹಾನದಲ್ಲಿ ಕೆಲಸ ಮುಗಿಸಿದವನ ಮಾತು, ಎಲ್ಲ ನೆರವೇರಿತು ಅಂತ. ಒಂದೇ ಸಾವು, ಮೂರು ಥರದ ಯೇಸು. ಹೆಚ್ಚಿನ ವಿದ್ವಾಂಸರ ಪ್ರಕಾರ ಮಾರ್ಕ ಮೊದಲನೆಯದು, ಸುಮಾರು ಕ್ರಿ.ಶ. 70ರ ಹೊತ್ತಿನದು. ಮತ್ತಾಯ, ಲೂಕ ಅದನ್ನು ಎದುರಿಗಿಟ್ಟುಕೊಂಡು ಬರೆದವು. ಬೈಬಲ್ಲಿನಲ್ಲೇ ಇರುವ, ಮೊದಲ ಕಾಲದ ಪ್ರಚಾರಕ ಪೌಲನ ಪತ್ರಗಳು ಇವಕ್ಕಿಂತಲೂ ಹಳೆಯವು.

ಇನ್ನೊಂದು ಮಜಾ ನೋಡಿ. ಮಾರ್ಕನ 16ನೇ ಅಧ್ಯಾಯ ತೆಗೆಯಿರಿ. 8ನೇ ವಚನದಲ್ಲಿ ಹೆಂಗಸರು ಖಾಲಿ ಸಮಾಧಿ ಕಂಡು ನಡುಗುತ್ತಾ ಓಡಿಹೋಗುತ್ತಾರೆ, ಹೆದರಿಕೆಯಿಂದ ಯಾರಿಗೂ ಏನೂ ಹೇಳಲ್ಲ. 4ನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಲ್ಲಿ, ಅಂದರೆ ಸಿನೈಟಿಕಸ್ ಮತ್ತು ವ್ಯಾಟಿಕನಸ್‌ನಲ್ಲಿ, ಮಾರ್ಕ ಅಲ್ಲಿಗೇ ಮುಗಿಯುತ್ತದೆ. 9ರಿಂದ 20ರವರೆಗಿನದು ಇಲ್ಲ. ಯಾರೋ ಆಮೇಲೆ ಮುಕ್ತಾಯ ಜೋಡಿಸಿದ್ದಾರೆ. ನಮ್ಮ ಭಾಷೆಯಲ್ಲಿ ಪ್ರಕ್ಷಿಪ್ತ. ಇದನ್ನು ಹೇಳೋದು ಧರ್ಮದ್ರೋಹವೇನಲ್ಲ, ಈಗಿನ ಎಷ್ಟೋ ಬೈಬಲ್‌ಗಳಲ್ಲಿ ಅಡಿಟಿಪ್ಪಣಿಯಲ್ಲೇ ಹಾಕಿರುತ್ತಾರೆ.

ಗ್ರೀಕ್ ಬೇಕಾ ಅಂದ್ರಲ್ಲ. ಸುವಾರ್ತೆಗಳ ಮೇಲೇ ಸಂಶೋಧನೆ ಮಾಡೋದಾದರೆ ಬೇಕೇಬೇಕು. ಕರ್ನಾಟಕದ ಕ್ರೈಸ್ತರ ಮೇಲೆ ಮಾಡೋದಾದರೆ ಅಕ್ಷರ ಗುರುತಿಸುವಷ್ಟು ಸಾಕು.

ಬಲ್ಮಠದ ಹುಡುಗ

ಮೇಷ್ಟ್ರು ಹೇಳಿದ ನಾಲ್ಕು ಕಾಲಂ ಅಭ್ಯಾಸ ನಮಗೂ ಮಾಡಿಸುತ್ತಾರೆ. ಹಳ್ಳಿಯಿಂದ, ಭಾನುವಾರ ಶಾಲೆಯಿಂದ ನೇರ ಬಂದ ಹುಡುಗರಿಗೆ ಆ ವಾರ ನಿದ್ದೆ ಬರಲ್ಲ. ನನಗೂ ಬಂದಿರಲಿಲ್ಲ. ಆಮೇಲೆ ಅಭ್ಯಾಸವಾಗುತ್ತದೆ. ವಿಶ್ವಾಸ ಇರುವವರು ವಿಮರ್ಶೆ ಮಾಡಲ್ಲ ಅಂತ ಹೊರಗಿನವರು ತಿಳಿದುಕೊಂಡಿದ್ದರೆ ಅದು ಸರಿಯಲ್ಲ.

ಬೈಬಲ್ ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ ಅಕ್ಕಾ. ಪ್ರಾಟೆಸ್ಟೆಂಟರದ್ದರಲ್ಲಿ 66 ಪುಸ್ತಕ, ಕ್ಯಾಥೋಲಿಕರದ್ದರಲ್ಲಿ 73. ಓದಿಗೆ 73 ಇರುವುದೇ ತಗೊಳ್ಳಿ.

ಬೀದರ್ ಕೋಟೆ

ಇಲ್ಲಿವರೆಗೆ ಜರ್ಮನ್ನರು, ಫ್ರೆಂಚರು, ಗೋವೆಯವರು, ಗ್ರೀಕ್ ಹಸ್ತಪ್ರತಿ ಎಲ್ಲ ಬಂತು. ಕರ್ನಾಟಕದ ಕ್ರೈಸ್ತರಲ್ಲಿ ದಲಿತರು ಎಷ್ಟು ಜನ ಇದ್ದಾರೆ ಅಂತ ಒಬ್ಬರೂ ಎತ್ತಲಿಲ್ಲ. ನಮ್ಮ ಬೀದರ್ ಕಡೆ ಮೆಥಡಿಸ್ಟ್ ಸಭೆ ಅಂದ್ರೆ ಬಹುಪಾಲು ಹೊಲೆಯ, ಮಾದಿಗರ ಕೇರಿಯಿಂದ ಬಂದ ಜನ. ಅವರ ಬಗ್ಗೆ ಕನ್ನಡದಲ್ಲಿ ಓದಬೇಕು ಅಂದ್ರೆ ಕೈಗೆ ಸಿಗೋದು ಬಹಳ ಕಡಿಮೆ. ಕಿಟೆಲ್ ಮೇಲೆ ಬೇಕಾದಷ್ಟು ಸಿಗುತ್ತದೆ.

ಇದನ್ನು ಅಧ್ಯಯನದ ಒಳಗೆ ತಂದದ್ದು ಬೆಂಗಳೂರೇ ಅನ್ನೋದು ಗೊತ್ತಿರಲಿ. 1981ರಲ್ಲಿ ಅರವಿಂದ್ ನಿರ್ಮಲ್ ಅವರು ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೈವಶಾಸ್ತ್ರದ ಕಡೆಗೆ ಅಂತ ಒಂದು ಭಾಷಣ ಮಾಡಿದರು. ದಲಿತ ದೈವಶಾಸ್ತ್ರ ಅಂತ ಈಗ ಲೋಕವೆಲ್ಲ ಓದುವ ವಿಷಯದ ಬೇರು ಅಲ್ಲಿದೆ. ಅಲ್ಲಿವರೆಗೆ ಭಾರತದ ಕ್ರೈಸ್ತ ಚಿಂತನೆ ಅಂದ್ರೆ ವೇದಾಂತದ ಜೊತೆ ಸಂವಾದವೇ ಹೆಚ್ಚಾಗಿತ್ತು. ಕೇರಿಯ ಜನಕ್ಕೆ ಅದರಲ್ಲಿ ಏನಿತ್ತು?

ಕಾನೂನಿನ ಕಡೆಯೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿ ಸ್ಥಾನ ಇಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಇವರನ್ನು ಸೇರಿಸಲಿಲ್ಲ. ಆಮೇಲೆ ಜಾತಿ ಹೋಯಿತಾ? ಮಾಮ್ ಅವರನ್ನೇ ಕೇಳಿ, ಮಂಗಳೂರು ಕಡೆ ಬಾಮಣ್, ಚಾರೊಡಿ, ಸುದಿರ್ ಅಂತ ಜಾತಿ ಹೆಸರು ಮದುವೆ ಮಾತಿನಲ್ಲಿ ಇನ್ನೂ ಬರುತ್ತಾ ಇಲ್ವಾ ಅಂತ.

ಗುರ್ಕಾರ್ ಮಾಮ್

ಬರುತ್ತದೆ. ಈಗಿನ ಮಕ್ಕಳಲ್ಲಿ ಕಡಿಮೆ. ಆದರೆ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಅದನ್ನು ಹುಡುಕಬೇಕಿದ್ದರೆ ಚರ್ಚಿನ ದೀಕ್ಷಾಸ್ನಾನದ ದಾಖಲೆ ಪುಸ್ತಕ ನೋಡಬೇಕು. ಮಗುವಿನ ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮ, ಊರು, ಪಾದ್ರಿಯ ಸಹಿ ಇರುತ್ತದೆ. ನೀವು ನೋಡಬೇಕಾದದ್ದು ದೇವತಂದೆ ದೇವತಾಯಿಯ ಹೆಸರು, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊರುವವರದ್ದು. ಯಾವ ಮನೆಯವರು ಯಾರನ್ನು ಕರೆದಿದ್ದಾರೆ ಅಂತ ಒಂದು ಐವತ್ತು ವರ್ಷದ ಪುಟ ನೋಡಿದರೆ ಯಾರು ಯಾರ ಜೊತೆ ಕೂಡುತ್ತಿದ್ದರು, ಯಾರನ್ನು ದೂರ ಇಟ್ಟಿದ್ದರು ಅಂತ ತನ್ನಿಂದ ತಾನೇ ಕಾಣುತ್ತದೆ. ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ ಅದು. ಆದರೆ ಪಾದ್ರಿಯ ಅನುಮತಿ ಬೇಕು. ಈಗ ಬದುಕಿರುವವರ ವಿವರ ಹೊರಗೆ ಹಾಕಬೇಡಿ.

ಕಟು ಓದುಗ

ಇದು ಆಸಕ್ತಿ ಹುಟ್ಟಿಸಿತು, ಒಪ್ಪುತ್ತೇನೆ. ಆದರೂ ಕೇಳುತ್ತೇನೆ, ಇದೆಲ್ಲ ಓದಿದ ಮೇಲೆ ಹೊಟ್ಟೆಪಾಡು?

ತುಮಕೂರು ಮೇಷ್ಟ್ರು

ಸುಮ್ನೆ ಆಸೆ ತೋರಿಸಲ್ಲ. ಹುದ್ದೆಗಳು ಕೈಬೆರಳಲ್ಲಿ ಎಣಿಸುವಷ್ಟು. ಉಪನ್ಯಾಸಕರ ಅರ್ಹತೆಯ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಅಂತ ವಿಷಯ ಇದೆ, ಪಾಸಾದರೂ ಅರ್ಜಿ ಹಾಕಲು ವಿಭಾಗಗಳೇ ಕಡಿಮೆ. ಹಾಗಾಗಿ ಹಳೇಪುಟ ಅವರಿಗೆ ನನ್ನ ಸಲಹೆ: ಪಿಎಚ್‌.ಡಿ. ಕನ್ನಡ ವಿಭಾಗದಲ್ಲೇ ಮಾಡಿ. ಕ್ರೈಸ್ತಧರ್ಮದ ಓದನ್ನು ಎರಡನೇ ಕಾಲಾಗಿ ಇಟ್ಟುಕೊಳ್ಳಿ. ಕನ್ನಡದ ಹುದ್ದೆಗೆ ಅರ್ಹತೆ ಉಳಿಯುತ್ತದೆ, ಬೇರೆಯವರಿಗೆ ಇಲ್ಲದ ಸಾಮಗ್ರಿ ನಿಮ್ಮ ಕೈಲಿರುತ್ತದೆ. ಪ್ರತ್ಯೇಕ ಎಂ.ಎ. ಮಾಡಲು ಪುರುಸೊತ್ತು, ದುಡ್ಡು ಇದ್ದರೆ ಮಾತ್ರ ಮಾಡಿ.

ಹಳೇಪುಟ

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಕಾಲಂ ಹಾಳೆ ಮಾಡಿದೆ. ಅಮ್ಮ ಕೂಡ ಬಂದು ಓದಿದರು, ಲೂಕನದ್ದು ಚೆನ್ನಾಗಿದೆ ಅಂದರು. ದೊಡ್ಡಮ್ಮನಿಗೆ ಫೋನ್ ಹೋಗಿಲ್ಲ.

ಬೀದರ್ ಕೋಟೆ ಅವರು ಬರೆದದ್ದು ಓದಿದ ಮೇಲೆ ನನ್ನ ವಿಷಯ ಸ್ವಲ್ಪ ಹೊರಳಿತು. ಮಿಷನ್ ವರದಿಗಳಲ್ಲಿ ಬೈಬಲ್ ಸ್ತ್ರೀಯರು ಅಂತ ಬರುತ್ತಾರಲ್ಲ, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಸ್ಥಳೀಯ ಹೆಂಗಸರು. ಗದ್ಯವನ್ನು ಗಟ್ಟಿಯಾಗಿ ಓದಿ ಜನರಿಗೆ ಮುಟ್ಟಿಸಿದವರು ಅವರೇ. ಮಿಷನರಿಯ ಹೆಸರು ಇರುತ್ತದೆ, ಇವರ ಹೆಸರು ಎಷ್ಟೋ ಕಡೆ ಇರಲ್ಲ. ಇದರ ಮೇಲೆ ಕೆಲಸ ಮಾಡಬಹುದಾ? ದಾಖಲೆ ಎಲ್ಲಿ ಹುಡುಕಲಿ?

ಬೀದರ್ ಕೋಟೆ

ಮಾಡಿ ಅಕ್ಕ, ಖಂಡಿತ ಮಾಡಿ. ಕಾಗದದ ಜೊತೆಗೆ ಹಳೇ ಮನೆಗಳಿಗೂ ಹೋಗಿ. ಅಜ್ಜಿ ಬೈಬಲ್ ಸ್ತ್ರೀ ಆಗಿದ್ದರು ಅಂತ ಹೇಳುವ ಮೊಮ್ಮಕ್ಕಳು ನಮ್ಮ ಕಡೆ ಸಿಗುತ್ತಾರೆ. ಹಾಡುತ್ತಿದ್ದ ಹಾಡು ಕೇಳಿ, ಅದನ್ನು ಯಾರೂ ಬರೆದುಕೊಂಡಿಲ್ಲ.

ಬಲ್ಮಠದ ಹುಡುಗ

ಬಲ್ಮಠದ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿನ ಹಳೇ ಮುದ್ರಣಗಳಿವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೂ ಒಳ್ಳೆಯ ಪತ್ರಾಗಾರ ಇದೆ. ನಿಮ್ಮ ವಿಭಾಗದಿಂದ ಪತ್ರ ತಗೊಂಡು, ಮುಂಚೆ ತಿಳಿಸಿ ಹೋಗಿ. ಮಳೆಗಾಲದಲ್ಲಿ ಬೇಡ, ಹಳೇ ಕಾಗದ ತೆಗೆಯಲು ಹಿಂದೆ ಮುಂದೆ ನೋಡುತ್ತಾರೆ.

ನೆಕ್ಕರ್ ತೀರ

ಮೂಲ ಕಾಗದಪತ್ರ ಇರೋದು ಬಾಸೆಲ್‌ನಲ್ಲಿ. ಅಲ್ಲಿನ ಹಳೇ ಫೋಟೋಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು, ಮೊದಲು ಅದರಿಂದ ಶುರು ಮಾಡಿ. ಚಿತ್ರದ ಕೆಳಗಿನ ಟಿಪ್ಪಣಿಯಲ್ಲೇ ಎಷ್ಟೋ ಸುಳಿವು ಸಿಗುತ್ತದೆ. ಗುಂಡರ್ಟ್ ಸಂಗ್ರಹದ ಹಳೇ ಪುಸ್ತಕಗಳನ್ನು ಟ್ಯೂಬಿಂಗನ್ ವಿಶ್ವವಿದ್ಯಾಲಯವೂ ಅಂತರ್ಜಾಲಕ್ಕೆ ಹಾಕಿದೆ.

ಕೈಬರಹದ ಕಾಗದಕ್ಕೆ ಬಂದರೆ ಕಷ್ಟ ಶುರು. ಜರ್ಮನ್ ಗೊತ್ತಿದ್ದರೂ ಸಾಲದು, ಅದು ಕುರೆಂಟ್ ಅನ್ನೋ ಹಳೇ ಲಿಪಿ. ಈಗಿನ ಜರ್ಮನ್ ಹುಡುಗರಿಗೇ ಓದಲು ಬರಲ್ಲ. ಎನ್ ಮತ್ತು ಇ ನೋಡಲು ಒಂದೇ ಥರ ಇರುತ್ತವೆ. ಲಿಪಿಯ ಅಕ್ಷರಮಾಲೆ ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಮುದ್ರಿತ ವಾರ್ಷಿಕ ವರದಿ ಇರುವ ವರ್ಷದ್ದೇ ಕೈಬರಹದ ವರದಿ ಹಿಡಿದು, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಮುದ್ರಣದಲ್ಲಿ ಏನನ್ನು ಬಿಟ್ಟಿದ್ದಾರೆ ಅನ್ನೋದೂ ಆಗ ಗೊತ್ತಾಗುತ್ತದೆ. ನಿಮ್ಮ ಬೈಬಲ್ ಸ್ತ್ರೀಯರ ಹೆಸರು ಎಲ್ಲಾದರೂ ಸಿಕ್ಕರೆ ಕೈಬರಹದಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಊರ ಹೆಸರು ಹುಡುಕುವಾಗ ಮಡಿಕೇರಿ ಅಂತ ಮಾತ್ರ ಕೊಡಬೇಡಿ, ಅದರ ಹಳೇ ಇಂಗ್ಲಿಷ್ ಹೆಸರು ಮರ್ಕಾರಾ ಅಂತಲೂ ಕೊಟ್ಟು ನೋಡಿ. ಗದಗ ಕಡೆಯದ್ದಾದರೆ ಬೆಟಗೇರಿ ಅಂತ ಹುಡುಕಿ, ಮಿಷನ್ನಿನವರ ಕೇಂದ್ರ ಇದ್ದದ್ದು ಅಲ್ಲಿ.